ಮೂರನೆಯ ನುಡಿ

ಬಸ್ಸು ಯೇವಲಾ ದಾಟುವ ತನಕ ರೇವಣಪ್ಪನ ಮನಸ್ಸಿನಲ್ಲಿದ್ದುದು ಒಂದೇ ಬೇಡಿಕೆ: ದೊಡ್ಡವ್ವನಿಗೆ ವಾಂತಿಯಾಗಲಿ.

ವಾಂತಿಯಾದರೆ ಅವಳನ್ನು ಇಳಿಸಿ, ನಾಸಿಕಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಕೂರಿಸಿಬಿಡಬಹುದಿತ್ತು. ಸಂಗಮ್ಮನಿಗೆ ಏನೂ ಆಗಲಿಲ್ಲ. ಕಿಟಕಿಯ ಪಕ್ಕ ಕುಳಿತು, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಮತ್ತೆ ಮತ್ತೆ ಎಳೆದುಕೊಳ್ಳುತ್ತ, ಹೊಲಗಳಲ್ಲಿ ಒಟ್ಟಿದ್ದ ಈರುಳ್ಳಿಯ ರಾಶಿಗಳನ್ನು ಅವಳು ಹುರುಪಿನಿಂದ ನೋಡುತ್ತಿದ್ದಳು.

"ರೇವಣ್ಯಾ, ಮಾರಿ ಯಾಕ ಹಿಂಗ ಸಣ್ಣ ಮಾಡಿಯೋ? ಹಾಡೋ ಮಂದಿ ಹಿಂಗ ಕುಂದ್ರತಾರೇನು?"

"ಏನಿಲ್ಲ ದೊಡ್ಡವ್ವ. ನಿದ್ದಿಗೆಟ್ಟದ."

"ಎರಡು ವರ್ಷಾತು, ನಿಮ್ಮ ಹಾಡು ಒಂದರ ನೆಟ್ಟಗ ಕೇಳೀನೇನು? ಗ್ವಾಡಿ ಆಚಿಂದ ಬರೇ ಧಡಾಧಡಾ. ಆ ಮಧುಕರ ಛಲೋ ಹುಡುಗ ನೋಡು. ಕಾಕೂ, ನೀವು ಬರಾಕಬೇಕ ಅಂತ ಅವನ ಕರದಾ. ನೀ ಕರೀಲಿಲ್ಲ."

ರೇವಣಪ್ಪ ನಕ್ಕಂತೆ ಮಾಡಿದ. ಹಿಂದಿನ ಸೀಟಿನಲ್ಲಿ ಮಧುಕರ ತನ್ನ ಡ್ರಮ್ಮನ್ನು ಮಗುವಿನಂತೆ ತಬ್ಬಿಕೊಂಡು ನಿದ್ದೆ ಹೋಗಿದ್ದ. ಅವನ ಪಕ್ಕದಲ್ಲಿ ಗೋವಿಂದ ಎಚ್ಚರವಾಗಿಯೇ ಇದ್ದ. ಹಾಡುಗಾರನಾದ ಅವನ ಮುಖವೂ ಬಿಳಿಚಿತ್ತು. ಸಂಜೆಯೊಳಗೆ ಏನಾಗಬಹುದೆಂಬುದು ಆ ಬಸ್ಸಿನಲ್ಲಿ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಅವರ ತಂಡದ ಹೆಸರು 'ಹಳಸಿದ ಸಾರು'. ಅದು ಹುಟ್ಟಿದ್ದು ಸಂಗಮ್ಮನ ಮನೆಯಲ್ಲಿಯೇ. ಬೀದರ ಜಿಲ್ಲೆಯ ಭಾಲ್ಕಿಯಿಂದ ಓದಲೆಂದು ನಾಸಿಕಕ್ಕೆ ಬಂದಿದ್ದ ರೇವಣಪ್ಪ, ತಾಯಿ ಹನುಮವ್ವನ ಅಕ್ಕನಾದ ಸಂಗಮ್ಮನ ಮನೆಯಲ್ಲಿ ಉಳಿದಿದ್ದ. ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನವರ ಮನೆಗಳಿಗೆ ಸಂಗಮ್ಮ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಧಾರವಾಡದಿಂದ ಬಂದ ಬ್ಯಾಂಕ್ ಅಧಿಕಾರಿ ರಘೋತ್ತಮರ ಮನೆಗೂ ರೊಟ್ಟಿ ಹೋಗುತ್ತಿತ್ತು. ಅದನ್ನು ಒಯ್ಯಲು ಬರುತ್ತಿದ್ದವನು ಅವರ ಮಗ ಗೋವಿಂದ. ಒಂದು ದಿನ ಅವನು ರೊಟ್ಟಿಯ ಡಬ್ಬಿಯ ಜೊತೆಗೆ, ಮುಂಬಯಿಯ ಸೋದರ ಸಂಬಂಧಿಯೊಬ್ಬ ಬಿಟ್ಟುಹೋದ ಕ್ಯಾಸೆಟ್ಟನ್ನೂ ತಂದಿದ್ದ. ಅದರಲ್ಲಿದ್ದುದು ಯಾರೋ ವಿದೇಶಿ ಹುಡುಗರ ಕಿರುಚಾಟ.

"ಇದಕ್ಕ ಪಂಕ್ ಅಂತಾರ. ಹಾಡ್ಲಿಕ್ಕೆ ಬರಂಗಿಲ್ಲ ಅಂದ್ರನ ಇದಕ್ಕ ಲಾಯಕ್ಕು," ಎಂದಿದ್ದ ಗೋವಿಂದ.

"ಹಂಗಾದ್ರ ನಾವು ಹುಟ್ಟಾ ಲಾಯಕ್ಕು," ಎಂದಿದ್ದ ರೇವಣಪ್ಪ.

ರೇವಣಪ್ಪ ಒಂದು ಹಳೆಯ ಗಿಟಾರನ್ನು ಹೊಂದಿಸಿಕೊಂಡ. ಮರಾಠಿಯವನಾದ ಮಧುಕರನ ತಂದೆಗೆ ಮದುವೆಗಳಲ್ಲಿ ನುಡಿಸುವ ಬ್ಯಾಂಡ್ ಇತ್ತು. ಡ್ರಮ್ಮು ಅಲ್ಲಿಂದ ಬಂತು. ಸಿಗದ ಗ್ಯಾಸ್ ಸಿಲಿಂಡರು, ನಿಲ್ಲದ ಕುಕ್ಕರಿನ ಸೀಟಿ, ಮೇಲಧಿಕಾರಿಯ ಮುಂದೆ ಬಾಗುವ ಅಪ್ಪ: ಇವೇ ಅವರ ಮರಾಠಿ ಹಾಡುಗಳ ವಸ್ತುಗಳು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಎರಡನೆಯ ಹಾಡಿಗೇ ಪ್ರಾಚಾರ್ಯರು ಕರೆಂಟು ತೆಗೆಸಿದರು. ಗಣೇಶೋತ್ಸವದ ಮಂಡಳಿಯೊಂದು ಚಹಾ ಕೊಟ್ಟು ಕಳಿಸಿತು. ಜನ ನಕ್ಕರು, ಮರೆತರು.

ಜನ ಮರೆಯದಂತೆ ಮಾಡಿದ್ದು ಸಂಗಮ್ಮನ ಮಾತುಗಳು.

ಸಂಗಮ್ಮನ ಗಂಡ ಗುರುಲಿಂಗಪ್ಪ ಈರುಳ್ಳಿ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಮುನೀಮನಾಗಿದ್ದ. ಎಷ್ಟೋ ವರ್ಷಗಳ ಹಿಂದೆ, ಹೈದರಾಬಾದಿನಲ್ಲಿ ಬೇಳೆ ವ್ಯಾಪಾರ ನೋಡಿಬರುತ್ತೇನೆಂದು ಹೊರಟವನು ಮರಳಿ ಬರಲಿಲ್ಲ. ಜೊತೆಯಲ್ಲೊಬ್ಬ ಹೆಂಗಸಿದ್ದಳೆಂಬುದು ಆಮೇಲೆ ತಿಳಿಯಿತು. ಸಂಗಮ್ಮ ಇದನ್ನು ಹೇಳಿಕೊಂಡದ್ದು ತಂಗಿಯ ಹತ್ತಿರ ಮಾತ್ರ. ಮಿಕ್ಕ ಬಂಧುಗಳಿಗೆ, ಸಮಾಜದವರಿಗೆ, 'ನಮ್ಮವರು ಹೈದರಾಬಾದಿನ್ಯಾಗ ಅದಾರ್ರಿ' ಎಂಬ ಒಂದೇ ಉತ್ತರ. ತಾಳಿ, ಕುಂಕುಮ, ಮಾನ ಎಲ್ಲವೂ ಆ ಒಂದು ಉತ್ತರದ ಮೇಲೆ ನಿಂತಿದ್ದವು. ಆದರೆ ದಿನವೂ ರೊಟ್ಟಿ ಬಡಿಯುವಾಗ, ತನಗೆ ತಾನೇ ಎಂಬಂತೆ, ಅವಳು ಗಂಡನೊಡನೆ ಮಾತನಾಡುತ್ತಿದ್ದಳು.

ರೊಟ್ಟಿಗಾಗಿ ಕಾಯುತ್ತಿದ್ದ ಗೋವಿಂದ ಅದನ್ನು ಕೇಳಿಸಿಕೊಂಡ. ರೊಟ್ಟಿ ಬಡಿಯುವ ಲಯವನ್ನು ಮಧುಕರನಿಗೆ ಬಾಯಲ್ಲಿ ಹೇಳಿಕೊಟ್ಟ. ಎರಡು ನುಡಿಯ ಹಾಡು ಸಿದ್ಧವಾಯಿತು:

*ಬಿಸಿ ಅದಾವ, ಉಣ್ಣಬರ್ರಿ!*
*ಧೋತರ ಮಡಿಚಿ ಇಟ್ಟೀನಿ, ಉಣ್ಣಬರ್ರಿ!*
*ಮಂದಿ ಕೇಳಿದ್ರ ಹೈದರಾಬಾದ್ ಅಂತೀನಿ,*
*ಉಣ್ಣಬರ್ರಿ, ಉಣ್ಣಬರ್ರಿ!*

ವೇದಿಕೆಯ ಮೇಲೆ ಗೋವಿಂದ ತಲೆಗೆ ಸೆರಗು ಹೊದೆಯುತ್ತಿದ್ದ, ಹೆಣ್ಣು ದನಿಯಲ್ಲಿ ಚೀರುತ್ತಿದ್ದ, ಜೋಳದ ಹಿಟ್ಟನ್ನು ಮುಷ್ಟಿ ಮುಷ್ಟಿಯಾಗಿ ಜನರ ಮೇಲೆ ಎರಚುತ್ತಿದ್ದ. ನಾಸಿಕದ ಮರಾಠಿ ಹುಡುಗರಿಗೆ ಒಂದು ಶಬ್ದವೂ ಅರ್ಥವಾಗುತ್ತಿರಲಿಲ್ಲ; ಅದೇ ಅವರಿಗೆ ಮಜಾ. 'ಉಣ್ಣಬರ್ರಿ' ಎಂದು ಅವರು ಕುಣಿದರು. ಆ ಹಾಡನ್ನು ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಕೈಯಿಂದ ಕೈಗೆ ಪ್ರತಿಯಾಗುತ್ತ ಹೋಯಿತು. ತಂಡಕ್ಕೆ ಕರೆಗಳು ಬರತೊಡಗಿದವು.

ಮೊದಮೊದಲು ರೇವಣಪ್ಪನಿಗೆ ಮುಜುಗರವಾಗಿತ್ತು. ಈ ಹಾಡನ್ನು ಮನೆಯಲ್ಲಿ ಅಭ್ಯಾಸ ಮಾಡಕೂಡದು, ಮಧುಕರನ ಬ್ಯಾಂಡಿನ ಶೆಡ್ಡಿನಲ್ಲಿಯೇ ಆಗಬೇಕು ಎಂದು ಷರತ್ತು ಹಾಕಿದ್ದ. ಅಷ್ಟಕ್ಕೇ ತನ್ನ ಕರ್ತವ್ಯ ಮುಗಿಯಿತೆಂದುಕೊಂಡಿದ್ದ. ಆದರೆ ಓಝರದ ಕಾರ್ಯಕ್ರಮದ ದಿನ, ಹಾಡು ಬೇಗ ಮುಗಿದುಬಿಡುತ್ತದೆ, ಇನ್ನೊಂದು ನುಡಿ ಬೇಕು ಎಂದು ಗೋವಿಂದ ಪರದೆಯ ಹಿಂದೆ ತಲೆ ಕೆರೆದುಕೊಳ್ಳುತ್ತಿದ್ದಾಗ, ರೇವಣಪ್ಪನೇ ಬಾಯಿ ಬಿಟ್ಟ. ಹಿಂದಿನ ಮಳೆಗಾಲದಲ್ಲಿ ಸಂಗಮ್ಮ ಜ್ವರದಲ್ಲಿ ಮಲಗಿದ್ದಾಗ, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ಕುಳಿತವನು ಅವನೊಬ್ಬನೇ. ಆಗ ಅವಳು ಕನವರಿಸಿದ್ದು ಇದು:

*ಆಕಿನ್ನ ಕರಕೊಂಡರ ಬರ್ರಿ,*
*ಆಕಿಗೂ ಒಂದು ಬಡಿತೀನಿ, ಉಣ್ಣಬರ್ರಿ!*

"ಲೇ, ಬಂಗಾರ ಇದು!" ಎಂದು ಗೋವಿಂದ ಅವನ ಬೆನ್ನು ತಟ್ಟಿದ್ದ. ರೇವಣಪ್ಪನೂ ನಕ್ಕಿದ್ದ. ಆ ನಗುವನ್ನು ನೆನೆದಾಗಲೆಲ್ಲ ಅವನಿಗೆ ಈಗ ಬೆವರು ಬರುತ್ತಿತ್ತು. ದೊಡ್ಡವ್ವ ಮೊದಲಿನ ಸಾಲುಗಳನ್ನು ಕೇಳಿದರೆ ಗೋವಿಂದನ ಕಿಡಿಗೇಡಿತನವೆಂದಾಳು. ಮೂರನೆಯ ನುಡಿ ಕೇಳಿದರೆ, ಅದನ್ನು ಮಾರಿದವನು ಯಾರೆಂದು ಅವಳಿಗೆ ಗೊತ್ತಾಗದೆ ಇರುವುದಿಲ್ಲ.

ಇಷ್ಟರಲ್ಲಿ ಔರಂಗಾಬಾದಿನಿಂದ ಕರೆ ಬಂತು. ಆಗಲೇ ಅರ್ಧ ಊರು ಸಂಭಾಜಿನಗರವೆನ್ನುತ್ತಿದ್ದ ಆ ಪೇಟೆಯಲ್ಲಿ ಬೀದರ, ಕಲಬುರ್ಗಿ ಕಡೆಯ ಲಿಂಗಾಯತ ವ್ಯಾಪಾರಿಗಳ ಸಮಾಜವೊಂದಿತ್ತು. ಬಸವ ಜಯಂತಿಗೆ ಕನ್ನಡದ ಹಾಡುಗಾರರು ಬೇಕೆಂದು ಅವರು ಕೇಳಿದ್ದರು. ತಂಡದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವನು ಮಧುಕರ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಹಾಡಿನ ಅರ್ಥವನ್ನು ಅವನು ಕೇಳಿದಾಗ, ಊಟಕ್ಕೆ ಕರೆಯುವ ಹಾಡು ಎಂದಷ್ಟೇ ಗೆಳೆಯರು ಹೇಳಿದ್ದರು. ಇಷ್ಟು ದಿನಕ್ಕೆ ನಮ್ಮ ಹಾಡು ತಿಳಿಯುವ ಜನ ಸಿಕ್ಕರು ಎಂಬ ಖುಷಿಯಲ್ಲಿ ಅವನು ಒಪ್ಪಿಕೊಂಡುಬಿಟ್ಟ. ಆ ಖುಷಿಯಲ್ಲಿಯೇ, ಎರಡು ವರ್ಷ ತನಗೆ ಉಣ್ಣಲಿಕ್ಕಿದ ಸಂಗಮ್ಮ ಕಾಕೂವನ್ನೂ ಕರೆದ.

"ಅದೊಂದು ಹಾಡು ಅಲ್ಲಿ ಬ್ಯಾಡ," ಎಂದು ರೇವಣಪ್ಪ ಹಿಂದಿನ ದಿನವೇ ಮಧುಕರನಿಗೆ ಮರಾಠಿಯಲ್ಲಿ ಹೇಳಿದ್ದ.

"ಅರೇ, ತೇಚ್ ತರ್ ಹಿಟ್ ಆಹೇ!" ಹಿಟ್ ಆದದ್ದೇ ಅದಲ್ಲವೇ ಎಂದಿದ್ದ ಮಧುಕರ.

"ಗೋವಿಂದನ ಗಂಟಲು ಸರಿ ಇಲ್ಲ."

ನಿಜವನ್ನು ಹೇಳಲು ಅದೇ ಸಮಯವಾಗಿತ್ತು. ನಾಚಿಕೆ ಬಾಯಿ ಕಟ್ಟಿಹಾಕಿತು. ಬಸ್ಸು ವೈಜಾಪುರದಲ್ಲಿ ನಿಂತಾಗ ಸಂಗಮ್ಮ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದಳು. ಅವಳಿಗೆ ವಾಂತಿ ಬರಲೇ ಇಲ್ಲ.

ಸಮಾಜದ ಸಭಾಗೃಹ ಧಾನ್ಯದ ಪೇಟೆಯಾದ ಮೋಂಢಾದ ಹಿಂದೆ ಇತ್ತು. ಬಸವಣ್ಣನವರ ಪಟಕ್ಕೆ ಹಾರ ಹಾಕಿತ್ತು. ಮುಂದೆ ಗಾದಿಗಳ ಮೇಲೆ ಹಿರಿಯರು, ಎಡಕ್ಕೆ ಹೆಂಗಸರು, ಹಿಂದೆ ಕಾಲೇಜಿನ ಹುಡುಗರು. ಅಧ್ಯಕ್ಷ ಮುದ್ದಣ್ಣ ದೊಡ್ಡ ಬೇಳೆ ವ್ಯಾಪಾರಿ. ಸಮಾಜದ ಮದುವೆಗಳಲ್ಲಿ ಸಂಗಮ್ಮನನ್ನೂ ಅವಳ ತಂಗಿಯನ್ನೂ ಕಂಡು ಬಲ್ಲ ಅವರ ಹೆಂಡತಿ ಕಾಶಿಬಾಯಿ ಬಾಗಿಲಲ್ಲೇ ಸಂಗಮ್ಮನ ಕೈ ಹಿಡಿದಳು.

"ಶರಣ್ರೀ ಸಂಗಮ್ಮಕ್ಕ! ಗುರುಲಿಂಗಪ್ಪನವರು ಬರ್ಲಿಲ್ಲೇನ್ರಿ?"

"ಅವರಿಗೆಲ್ಲಿ ಪುರಸೊತ್ತ್ರಿ! ಹೈದರಾಬಾದಿನ್ಯಾಗ ಅದಾರ್ರಿ," ಎಂದಳು ಸಂಗಮ್ಮ, ನಗುತ್ತ.

ಆ ಮಾತನ್ನು ಕೇಳಿಸಿಕೊಂಡ ಗೋವಿಂದ ನೆಲ ನೋಡಿದ.

ಮುದ್ದಣ್ಣ ಮೈಕಿನಲ್ಲಿ, "ನಾಸಿಕದ ನಮ್ಮ ಹುಡುಗ್ರು ಈಗ ವಚನ ಹಾಡ್ತಾರ," ಎಂದು ಘೋಷಿಸಿದರು.

"ವಚನ ಬರಂಗಿಲ್ರಿ ಯಜಮಾನ್ರ," ಎಂದ ಗೋವಿಂದ. "ನಮಗ ಸಿಲಿಂಡರ್ ಅಷ್ಟ ಬರತದ. ಅದೂ ಬುಕ್ ಮಾಡಿ ಮೂರು ತಿಂಗಳಿಗೆ."

ಸಭೆ ನಕ್ಕಿತು. ಗೋವಿಂದ ಬೆರಗಾದ. 'ಉಣ್ಣಬರ್ರಿ'ಯನ್ನು ಅವನು ಎಷ್ಟೋ ವೇದಿಕೆಗಳಲ್ಲಿ ಕೂಗಿದ್ದನೇ ಹೊರತು, ಕನ್ನಡ ತಿಳಿದು ನಕ್ಕವರನ್ನು ಕಂಡಿರಲಿಲ್ಲ. ಮರಾಠಿಯ ಹಾಡುಗಳನ್ನು ಅಲ್ಲಿಯೇ ಕನ್ನಡಕ್ಕೆ ತಿರುಗಿಸುತ್ತ ಹೋದ. ಗದ್ದಲಕ್ಕೆ ಕಿವಿ ಮುಚ್ಚಿಕೊಂಡಿದ್ದ ಮುದುಕರೂ ಸಾಲು ಕೇಳಲೆಂದು ಕೈ ತೆಗೆದರು. ಸಂಗಮ್ಮ ಅಕ್ಕಪಕ್ಕದವರನ್ನು ತಿವಿಯುತ್ತಿದ್ದಳು: "ಆ ಬಗ್ಗಿ ನಿಂತು ಬಾರಸ್ತಾನಲ್ಲ, ಅಂವ ನಮ್ಮಾಂವ್ರಿ! ನಮ್ಮ ಹನುಮವ್ವನ ಮಗ!"

ಇನ್ನೊಂದು ಹಾಡಾದರೆ ಮುಗಿಯಿತು ಎಂದು ರೇವಣಪ್ಪ ಲೆಕ್ಕ ಹಾಕುತ್ತಿದ್ದಂತೆ, ಹಿಂದಿನ ಸಾಲಿನಿಂದ ಕೂಗೊಂದು ಎದ್ದಿತು.

"ಉಣ್ಣಬರ್ರಿ! ಉಣ್ಣಬರ್ರಿ!"

ಮುದ್ದಣ್ಣ ತಿರುಗಿ ಗದರಿದರು. "ತಡೀರ್ಲೇ, ಇನ್ನಾ ಹುಗ್ಗಿ ಕುದಿಯಾಕ ಹತ್ತೇದ!"

ಸಭೆಯೆಲ್ಲ ಗೊಳ್ಳೆಂದಿತು. ಹುಡುಗರು ಬಿಡಲಿಲ್ಲ. ಅವರ ಕೈಯಲ್ಲಿ ಕ್ಯಾಸೆಟ್ಟಿತ್ತು. ನಾಸಿಕದಿಂದ ಯಾರ ಜೊತೆಗೋ ಅದು ಇವರಿಗಿಂತ ಮೊದಲೇ ಇಲ್ಲಿಗೆ ಬಂದು ತಲುಪಿತ್ತು.

"ಗಂಟಲಾ ಹೋಗೇದ್ರೀ," ಎಂದು ಗೋವಿಂದ ಕೈ ಮುಗಿದ. ರೇವಣಪ್ಪ ಗಿಟಾರಿನ ವೈರನ್ನೇ ಕಿತ್ತು ಹಿಡಿದ. ಮಧುಕರ ಇಬ್ಬರನ್ನೂ ನೋಡಿದ. ಇಂಥ ಸಭೆ, ಇಂಥ ಕೂಗು, ಎದುರಿಗೆ ಕಾಕೂ: ಗೆಳೆಯರಿಗೆ ಹುಚ್ಚು ಹಿಡಿದಿದೆಯೆಂದೇ ಅವನು ತಿಳಿದುಕೊಂಡ. ಕೋಲುಗಳನ್ನು ಕೆಳಗಿಟ್ಟು, ಅಂಗೈಯಿಂದ ಡ್ರಮ್ಮನ್ನು ಬಡಿಯತೊಡಗಿದ.

"ಅಯ್ಯ, ರೊಟ್ಟಿ ಬಡದಾಂಗ ಬಡಿತಾನ ನೋಡ್ರೇ!" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ಹೆಂಗಸರೆಲ್ಲ ಆ ಲಯಕ್ಕೆ ಚಪ್ಪಾಳೆ ಹಾಕಿದರು. ಸಂಗಮ್ಮನೂ ಹಾಕಿದಳು. ಆಮೇಲೆ ಅವಳ ಕೈಗಳು ನಿಂತವು. ರೊಟ್ಟಿಯನ್ನು ತಿರುವುವಾಗ ಒಂದು ಕ್ಷಣ ತಡೆದು, ಮತ್ತೆ ಎರಡು ಬಾರಿ ಜೋರಾಗಿ ಬಡಿಯುವುದು ಅವಳ ರೂಢಿ. ಆ ತಡೆಯೂ ಡ್ರಮ್ಮಿನಲ್ಲಿತ್ತು.

ಗೋವಿಂದ ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಬೀಳಲಿಲ್ಲ. ಹಿಂದಿನ ಸಾಲಿನ ಹುಡುಗರೇ ಹಾಡಿದರು. ಬಿಸಿ ರೊಟ್ಟಿ ಹಾಡಿದರು, ಮಡಿಚಿಟ್ಟ ಧೋತರ ಹಾಡಿದರು, ಮಂದಿಗೆ ಹೇಳುವ ಹೈದರಾಬಾದನ್ನು ಹಾಡಿದರು. ತಂಡದ ಹಾಡು ಎಂದೋ ತಂಡದ ಕೈ ಮೀರಿ ಹೋಗಿತ್ತು. ರೇವಣಪ್ಪ ವೈರನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಮೂರನೆಯ ನುಡಿ ಬಂತು. 'ಆಕಿಗೂ ಒಂದು ಬಡಿತೀನಿ' ಎಂಬಲ್ಲಿ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸಂಗಮ್ಮ ವೇದಿಕೆಯ ಕಡೆ ನೋಡಿದಳು. ಗೋವಿಂದನನ್ನಲ್ಲ, ರೇವಣಪ್ಪನನ್ನು. ನಂತರ ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತ, ಎಲ್ಲರಿಗಿಂತ ಹೆಚ್ಚಾಗಿ ನಗತೊಡಗಿದಳು. ಇಲ್ಲದಿದ್ದರೆ, ನಗದೆ ಕುಳಿತ ಹೆಂಗಸು ಆ ಸಭೆಯಲ್ಲಿ ಅವಳೊಬ್ಬಳೇ ಆಗಿಬಿಡುತ್ತಿದ್ದಳು.

ಊಟ ಮುದ್ದಣ್ಣನವರ ಅಂಗಳದಲ್ಲಿ. ಹೆಂಗಸರ ಪಂಕ್ತಿ ಒಂದು ಕಡೆ, ಎದುರಿಗೆ ಗಂಡಸರದು. ತಂಡದ ಮೂವರಿಗೂ ವಿಶೇಷ ಆದರವಿತ್ತು. ಕಾಶಿಬಾಯಿ ಹುಗ್ಗಿಯ ಮೇಲೆ ತುಪ್ಪ ಹಾಕುತ್ತ ಬಂದವಳು ರೇವಣಪ್ಪನ ಮುಂದೆ ನಿಂತಳು.

"ಅಲ್ಲೋ ತಮ್ಮಾ, ಆ ಹಾಡು ಯಾರ ಮನೀದು? ಅಂಥಾ ಮಾತು ಕುಂತು ಬರಿಯೋವಲ್ಲ. ಯಾವಾಕಿಯೋ ಖರೇನ ಅಂದಾಳ."

"ಸುಮ್ನ ಮಜಾಕ್ಕ ಮಾಡಿದ್ದ್ರಿ," ಎಂದ ಗೋವಿಂದ ಗಡಬಡಿಸಿ.

"ಮಜಾಕ್ಕಲ್ಲ ಬಿಡಪ್ಪ, ನಾ ಹೆಂಗಸದೀನಿ." ಕಾಶಿಬಾಯಿ ತಿರುಗಿದಳು. ಅವಳ ದನಿಯಲ್ಲಿ ಕೇಡು ಇರಲಿಲ್ಲ. ಯೋಚನೆ ನಾಲಗೆಗೆ ಬಂದಿತ್ತು, ಅಷ್ಟೆ. "ಸಂಗಮ್ಮಕ್ಕ, ನಿಮ್ಮವರೂ ಹೈದರಾಬಾದಿನ್ಯಾಗನ ಅದಾರಲ್ರೀ?"

ಪಂಕ್ತಿಯಲ್ಲಿ ಮಾತು ನಿಂತಿತು. ಸಂಗಮ್ಮನ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. ಒಬ್ಬೊಬ್ಬರೇ ಅವಳ ಕಡೆ ತಿರುಗುವುದನ್ನು ರೇವಣಪ್ಪ ಕಂಡ. ಇನ್ನು ತಡಮಾಡಿದರೆ ಎಲ್ಲವೂ ಹೊರಬೀಳುತ್ತಿತ್ತು.

"ನಮ್ಮವ್ವನ ಮಾತ್ರಿ ಅವು," ಎಂದ.

"ಯಾರು, ಹನುಮವ್ವಂದು?"

"ಹೌದ್ರಿ."

"ಅಂದ್ರ ನಿಮ್ಮಪ್ಪ... ಭಾಲ್ಕ್ಯಾಗ ಇಲ್ಲೇನು? ಬಿಟ್ಟು ಹೋಗ್ಯಾರೇನು?"

ರೇವಣಪ್ಪ ಹೌದೆಂಬಂತೆ ತಲೆ ಆಡಿಸಿದ. ಅದು ಎಷ್ಟು ಸಲೀಸಾಗಿ ಆಗಿಹೋಯಿತೆಂದರೆ, ಅವನಿಗೆ ಉಸಿರು ಹಗುರವಾದಂತೆಯೂ ಅನಿಸಿತು. ಪಂಕ್ತಿಯಲ್ಲಿ ಗುಸುಗುಸು ಹುಟ್ಟಿತು.

"ಆ ಹುಡುಗಿ ಸುಶೀಲಾ ಇಂವನ ತಂಗೀನ ಅಲ್ಲೇನ್ರಿ? ನಮ್ಮ ಮೈದುನಗ ನೋಡಬೇಕಂತಿದ್ದಿವಿ."

"ಇನ್ನೇನು ನೋಡ್ತೀರಿ, ಬಿಡ್ರಿ. ಅಪ್ಪನ ಹಿಂಗಂದ್ರ..."

ಸಂಗಮ್ಮ ನೀರಿನ ತಂಬಿಗೆಯನ್ನು ನೆಲಕ್ಕೆ ಕುಟ್ಟಿದಳು.

"ಸುಳ್ಳ ಹೇಳ್ಯಾನ್ರಿ ಅಂವ," ಎಂದಳು. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. "ನಮ್ಮ ತಂಗಿ ಗಂಡ ದೇವರಂಥಾಂವ. ಭಾಲ್ಕ್ಯಾಗ ದಿನಾ ಅಂಗಡಿ ತಗೀತಾನ, ಹೋಗಿ ನೋಡ್ರಿ. ಆ ಹುಡುಗಿಗೆ ಏನೂ ಅನಬ್ಯಾಡ್ರಿ. ಆ ಮಾತು ನನ್ನವು. ನಮ್ಮವರು ಹೈದರಾಬಾದಿನ್ಯಾಗ ಇಲ್ಲ. ಎಲ್ಲಿ ಅದಾರೋ ನನಗ ಗೊತ್ತಿಲ್ಲ. ಇಷ್ಟು ವರ್ಷ ನಿಮಗೆಲ್ಲಾ ಸುಳ್ಳ ಹೇಳೀನಿ, ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋರಿ."

ಗಂಡಸರ ಪಂಕ್ತಿಯಲ್ಲಿ ಮುದ್ದಣ್ಣ ಕೆಮ್ಮಿದರು. ಕಾಶಿಬಾಯಿ ತುಪ್ಪದ ಗಿಂಡಿಯನ್ನು ಹಿಡಿದುಕೊಂಡೇ ನಿಂತಿದ್ದಳು. ಪ್ರಸಾದವನ್ನು ಎಲೆಯಲ್ಲಿ ಬಿಡುವುದು ಅವರಲ್ಲಿ ಸಲ್ಲದು. ಎಲ್ಲರ ಕಣ್ಣೆದುರಿಗೆ ಸಂಗಮ್ಮ ತುತ್ತು ತುತ್ತಾಗಿ ಹುಗ್ಗಿಯನ್ನು ಪೂರ್ತಿ ಉಂಡು, ಎಲೆಯನ್ನು ಬಳಿದು, ಎದ್ದಳು.

ಕೈ ತೊಳೆಯುವ ಕಟ್ಟೆಯ ಹತ್ತಿರ ರೇವಣಪ್ಪ ಅವಳನ್ನು ಹಿಡಿದ.

"ದೊಡ್ಡವ್ವ, ನಿನ್ನ ಉಳಸಾಕಂತ..."

"ಸುಮ್ನಿರು." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಜ್ವರದಾಗ ಅಂದಿದ್ದು ನೀ ಒಬ್ಬನ ಕೇಳಿದ್ದಿ. ಅದನ್ನ ಹಾಡಿಸಿದಿ. ಆತು. ಹುಡುಗ್ರ ಬುದ್ಧಿ ಅಂತಿದ್ದೆ, ನಕ್ಕೂ ಬಿಟ್ಟಿದ್ದೆ. ನಿಮ್ಮವ್ವನ್ನ ಯಾಕ ತಂದ್ಯೋ ನಡುವ? ನಾನ ಹಾಡು ಮಾಡಿದಾಂವ, ನನ್ನ ತಪ್ಪು ಅನ್ನಾಕ ಬರ್ತಿದ್ದಿಲ್ಲೇನು? ನಿನಗ ನಿನ್ನ ಮಾನಾ ಒಂದು ಬಿಟ್ಟು ಎಲ್ಲಾರ ಮಾನಾ ಕೊಡಾಕ ಬರತದ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈ ಮಾತು ನಾಳೆ ಭಾಲ್ಕಿಗೆ ಹೋಗ್ತದ. ಮಂದಿ ಬಾಯಿಂದ ನನ್ನ ತಂಗಿ ಕೇಳಬಾರದು. ನಾ ಇವತ್ತ ಹೋಗ್ತೀನಿ."

ಬಸ್ ನಿಲ್ದಾಣದಲ್ಲಿ ಸಂಜೆಯ ಉದಗೀರ ಬಸ್ಸು ಹೊರಡುವುದರಲ್ಲಿತ್ತು. ಅಲ್ಲಿಂದ ಭಾಲ್ಕಿಗೆ ಬೇರೆ ಬಸ್ಸು. ಮರುದಿನ ತಂಡಕ್ಕೆ ವೈಜಾಪುರದಲ್ಲಿ ಕಾರ್ಯಕ್ರಮವಿತ್ತು. ಗೋವಿಂದ ಮಧುಕರನನ್ನು ಕಂಬದ ಪಕ್ಕಕ್ಕೆ ಕರೆದು, ಹಾಡಿನ ಸಾಲು ಸಾಲಿನ ಅರ್ಥವನ್ನು ಮರಾಠಿಯಲ್ಲಿ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ಮಧುಕರ ಡ್ರಮ್ಮಿನ ಮೇಲೆ ಕುಸಿದು ಕುಳಿತಿದ್ದ.

"ಆಣಿ ಕಾಕೂಲಾ ಮೀಚ್ ಘೇವೂನ್ ಆಲೋ?" ಎಂದ. ಕಾಕೂವನ್ನು ಕರೆತಂದವನು ನಾನೇ?

ಗೋವಿಂದ ಸಂಗಮ್ಮ ಕುಳಿತ ಕಿಟಕಿಯ ಕೆಳಗೆ ಹೋಗಿ ನಿಂತ. "ತಪ್ಪಾತು ದೊಡ್ಡವ್ವ," ಎಂದ. ಅವಳು, "ನಿಮ್ಮಪ್ಪಗ ಹೇಳು, ಎಂಟು ದಿನ ರೊಟ್ಟಿ ಇಲ್ಲಂತ," ಎಂದಷ್ಟೇ ಹೇಳಿದಳು.

ರೇವಣಪ್ಪ ಗಿಟಾರನ್ನು ಗೋವಿಂದನ ಕೈಗೆ ಕೊಟ್ಟ.

"ನಾಳೆ ವೈಜಾಪುರಕ್ಕ?" ಎಂದು ಗೋವಿಂದ ಕೇಳಿದ. ಕೇಳಿದ ಮರುಕ್ಷಣವೇ, ಆ ಪ್ರಶ್ನೆಗೆ ತಾನೇ ನಾಚಿ ಮುಖ ತಿರುಗಿಸಿದ. 'ಹಳಸಿದ ಸಾರು' ಎಂಬ ತಂಡ ಮುಗಿದದ್ದು ಹಾಗೆ. ಮುಗಿಯಿತೆಂದು ಯಾರೂ ಘೋಷಿಸಲಿಲ್ಲ.

ಕಂಡಕ್ಟರ್ ಗಂಟೆ ಹೊಡೆದ. ರೇವಣಪ್ಪ ಹತ್ತಿದ. ಸಂಗಮ್ಮನ ಪಕ್ಕದ ಸೀಟಿನ ಮೇಲೆ ಅವಳ ಚೀಲವಿತ್ತು. ಅವಳು ಅದನ್ನು ಸರಿಸಲಿಲ್ಲ. ಸರಿಸೆಂದು ಅವನೂ ಕೇಳಲಿಲ್ಲ. ಅವಳ ಹಿಂದಿನ ಸೀಟಿನಲ್ಲಿ ಕುಳಿತ.

ಊರು ದಾಟಿದ ಮೇಲೆ ಅವಳು ತಿರುಗದೆಯೇ ಕೇಳಿದಳು: "ನಿಮ್ಮವ್ವಗ ಹೇಳಾವ್ರು ಯಾರು?"

"ನಾನ ಹೇಳ್ತೀನಿ."

"ಎಲ್ಲಾ?"

ರೇವಣಪ್ಪ ಅವಳ ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿದ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, 'ಎಲ್ಲಾ' ಎಂದ.